ಸಂತಾನಕ್ಕಾಗಿ ಅಟ್ಟ ಹತ್ತಿದ್ದು

ತಲೆನೋವಿಗೆ ಮದ್ದು ಹೇಳುವಾಗ ಜನ ಒಂದು ಕ್ಷಣವಾದರೂ ಯೋಚಿಸುತ್ತಾರೆ. ಮಕ್ಕಳಾಗದವರಿಗೆ ಮದ್ದು ಹೇಳುವಾಗ ಯಾರೂ ಅಷ್ಟು ತೊಂದರೆ ತೆಗೆದುಕೊಳ್ಳುವುದಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲವೆಂದಾಗ, ಇಡೀ ಮೊಳಕಾಲ್ಮೂರೇ ಈ ಶಾಸ್ತ್ರದ ಪಂಡಿತರ ಊರೆಂದು ನನಗೆ ತಿಳಿಯಿತು. ನಮ್ಮದು ರೇಷ್ಮೆ ಸೀರೆಯ ಅಂಗಡಿ. ಬಂದವರು ಸೆರಗು ಬಿಡಿಸಿ ನೋಡುತ್ತಲೇ, ಹೆಂಗಸು ಎತ್ತಿನ ಗಾಡಿಯಲ್ಲಿ ಕೂತರೆ ಗರ್ಭ ನಿಲ್ಲುವುದಿಲ್ಲ ಎನ್ನುವರು. ಸೀರೆ ಬೇಡವೆಂದು ಎದ್ದು ಹೋಗುವವರೂ ಬಾಗಿಲಲ್ಲಿ ನಿಂತು, ಅವಳಿಗೆ ಹುಣಸೆಹಣ್ಣು ಬಿಡಿಸಿ ಎಂದು ಹೇಳಿಯೇ ಹೋಗುವರು. ಗಾಡಿ ಹತ್ತದೆ, ಹುಣಸೆ ಮುಟ್ಟದೆ ಬಸುರಾದವಳು ಈ ಊರಲ್ಲಿ ಒಬ್ಬಳಾದರೂ ಇದ್ದಾಳೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮನಸ್ಸಿನಲ್ಲೇ ಅವರನ್ನು ಕತ್ತೆಗಳೆಂದು ಕರೆದು, ಬಾಯಲ್ಲಿ ಹೌದು ಹೌದು ಎನ್ನುತ್ತಿದ್ದೆ.

ಈ ಪಂಡಿತರಿಗೆಲ್ಲ ಮೇಲಿನವಳು ನಮ್ಮ ಮನೆಯಲ್ಲೇ ಇದ್ದಳು: ಅಪ್ಪನ ಅಕ್ಕ ನೀಲಮ್ಮತ್ತೆ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಕ್ಕಳಾಗುವ ವಿಷಯದಲ್ಲಿ ಅವಳ ಮಾತೇ ಕೊನೆ. ಅವ್ವ ಐದು ಮಕ್ಕಳನ್ನು ಹೆತ್ತಿದ್ದಳು, ಅವಳನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮ ಮದುವೆಯಾದ ಕೆಲವೇ ತಿಂಗಳಿಗೆ ಅತ್ತೆ ಮೊದಲು ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತಳು. ಹರಕೆ ತೀರುವವರೆಗೆ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಮಲಗಬಾರದೆಂಬ ನಿಯಮ ಅವಳದೇ. ನಾನು ಹಾಸಿಗೆ ಸುತ್ತಿಕೊಂಡು ಅಟ್ಟ ಹತ್ತಿದೆ. ನನ್ನ ಹೆಂಡತಿ ಗಿರಿಜೆ ಕೆಳಗೆ ಅತ್ತೆಯ ಪಕ್ಕ ಮಲಗಿದಳು. ಆ ಹರಕೆ ಮುಗಿಯುವ ಮುಂಚೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ನಡುವೆ ಬಿಡುವು ಸಿಕ್ಕರೆ ರಾಯದುರ್ಗದ ಕಡೆಯ ಪಂಡಿತ ಬರುತ್ತಿದ್ದ. ಗಿರಿಜೆಯ ನಾಡಿ ಹಿಡಿದು, "ಭಯಂ ಲೇದಮ್ಮಾ, ಹೆದರ್ಬ್ಯಾಡ, ಉಷ್ಣ ಜಾಸ್ತಿ ಐತೆ" ಎಂದು ಕಹಿಪುಡಿ ಕೊಟ್ಟ. ಪಥ್ಯವೇನೆಂದು ಕೇಳಿದರೆ, ಗಂಡನ ಸಹವಾಸ ಕೂಡದು. ನಾನೂ ಕೈ ಚಾಚಿದೆ. "ಗಂಡಸರ ನಾಡಿ ಯಾಕ್ರೀ? ನಿಮಗೇನ್ ದೋಷ ಇರ್ತೈತೆ?" ಎಂದ. ಅದೊಂದು ಮಾತಿಗೆ ಮಾತ್ರ ಅವನು ಕತ್ತೆಯೆಂದು ನನಗೆ ಅನ್ನಿಸಲಿಲ್ಲ.

ಪುಡಿ ಮುಗಿದ ಮೇಲೆ, ತೆಳ್ಳಗಿರುವವರಿಗೆ ಬಸುರು ನಿಲ್ಲದೆಂದು ಅತ್ತೆಗೆ ಹೊಳೆಯಿತು. ಬೆಣ್ಣೆ ತಿಂದು ಮೈ ತುಂಬಿಸಿಕೊಂಡು ಬರಲೆಂದು ಗಿರಿಜೆಯನ್ನು ಚಳ್ಳಕೆರೆಯ ತವರಿಗೆ ಕಳಿಸಿದಳು. ಆಗಿನ್ನೂ ನಮ್ಮ ಕಡೆ ಮೋಟಾರು ಬಂದಿರಲಿಲ್ಲ, ಎತ್ತಿನ ಗಾಡಿಯಲ್ಲೇ ಕಳಿಸಿದಳು. ಮಳೆಗಾಲ ಕಳೆದು ಗಿರಿಜೆ ಹಿಂದಿರುಗುವ ಹೊತ್ತಿಗೆ ಅತ್ತೆ ನನಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಳು.

"ಹುಡುಗಿ ಮೈಕೈ ತುಂಬ್ಕೊಂಡೈತೆ. ಇವಳೂ ಇರ್ಲಿ, ಬ್ಯಾಡ ಅನ್ನಲ್ಲ" ಎಂದಳು, ಎಲ್ಲರೂ ಕೂತಿದ್ದಾಗ. ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಗೋಡೆ ನೋಡುತ್ತಿದ್ದೆ. ರೊಟ್ಟಿ ತಟ್ಟುತ್ತಿದ್ದ ಗಿರಿಜೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹಿರಿಯರೆದುರು ಅವಳು ಬಾಯಿ ತೆರೆದದ್ದನ್ನು ನಾನು ಅಂದೇ ಕಂಡದ್ದು.

"ಅತ್ತೆಮ್ಮ, ಆ ಹುಡುಗಿ ಬಂದ್ಮೇಲೆ ಇವರು ಎಲ್ಲಿ ಮಲಗ್ತಾರ್ರಿ?"

"ಅದೇನ್ ಕೇಳ್ತೀಯೆ? ಹರಕೆ ತೀರೋಗಂಟ ಅಟ್ಟದ ಮ್ಯಾಲೆ."

"ಹಂಗಾದ್ರೆ ಅವಳಿಗೂ ಮಕ್ಕಳಾಗಲ್ಲ ಬಿಡ್ರಿ. ಇವರು ಅಟ್ಟದಾಗೆ, ನಾನು ತವರಿನಾಗೆ. ಮಗು ಯಾವ ದಾರಿ ಹಿಡ್ಕಂಡು ಬರ್ಬೇಕಿತ್ತು?" ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಸವತಿ ತರ್ತೀರಾ, ತನ್ರಿ. ತಪ್ಪು ನಂದು ಅಂತ ಮಾತ್ರ ಅನ್ಬ್ಯಾಡ್ರಿ."

ಮೂಲೆಯಿಂದ ಅವ್ವ, "ಅವಳು ಹೇಳೋದು ದಿಟ. ಐದು ಹೆತ್ತೀನಿ, ಒಂದೂ ಹರಕೆಯಿಂದ ಆಗಿದ್ದಲ್ಲ" ಎಂದಳು. ಅಪ್ಪನ ಎಲೆಗೆ ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿತು. ನಾನು ಮಾತ್ರ ಇನ್ನೂ ಗೋಡೆಯನ್ನೇ ನೋಡುತ್ತಿದ್ದೆ.

ಅಪ್ಪ ಬಾಯಿ ಮುಕ್ಕಳಿಸಿ ಬಂದು, ಎರಡನೆಯ ಮದುವೆಯ ಮಾತು ಬೇಡವೆಂದರು. ಚಳ್ಳಕೆರೆಯಲ್ಲಿ ಒಂದು ಅಂಗಡಿ ತೆರೆದು ನಮ್ಮಿಬ್ಬರನ್ನು ಅಲ್ಲಿಗೆ ಕಳಿಸಿದರು. ಅಂಗಡಿಯ ಹಿಂದಿನ ಬಾಡಿಗೆ ಮನೆಯಲ್ಲಿ ಒಂದೇ ಕೋಣೆ, ಅಟ್ಟವಿರಲಿಲ್ಲ. ಆದರೂ ಮೊದಲ ವರ್ಷ ಏನೂ ಆಗಲಿಲ್ಲ. ಪಂಡಿತ ನನ್ನ ನಾಡಿಯನ್ನೂ ನೋಡಬೇಕಿತ್ತೇನೋ ಎಂಬ ಅಳುಕು ಆಗ ಹುಟ್ಟಿತು. ಗಿರಿಜೆಗೆ ಹೇಳಿದೆ. "ನಾಲ್ಕು ವರ್ಷ ನಾನೊಬ್ಬಳೇ ಹೆದರಿದ್ದೆ. ಈಗ ನೀವೂ ಸ್ವಲ್ಪ ಹೆದರ್ರಿ" ಎಂದಳು. ಮರುವರ್ಷ ಮಗಳು ಹುಟ್ಟಿದಳು. ಅದು ತನ್ನ ಹರಕೆಯ ಫಲವೆಂದು ಅತ್ತೆ, ತನ್ನ ಪುಡಿಯ ಫಲವೆಂದು ಪಂಡಿತ, ಇಬ್ಬರೂ ಊರೆಲ್ಲ ಹೇಳಿಕೊಂಡು ತಿರುಗಿದರು. ನಾನು ಇಬ್ಬರನ್ನೂ ಹೀಯಾಳಿಸಿ ನಕ್ಕೆ.

ಕೆಲವು ತಿಂಗಳ ನಂತರ ಮೊಳಕಾಲ್ಮೂರಿನ ನೇಕಾರನೊಬ್ಬ ಅಂಗಡಿಗೆ ಬಂದು, ತನಗೂ ಮಕ್ಕಳಿಲ್ಲವೆಂದು ಕಣ್ಣು ಒರೆಸಿಕೊಂಡ. ಎಲ್ಲಿ ಮಲಗುತ್ತೀಯೆಂದು ಕೇಳಬೇಕಾದವನು ನಾನು. ಆದರೆ ತಿಳಿದವನಂತೆ ಕೂತವನ ಬಾಯಿ ಸುಮ್ಮನಿರುತ್ತದೆಯೇ? ಗಂಟಲು ಸರಿಮಾಡಿಕೊಂಡು, "ಚಳ್ಳಕೆರೆ ನೀರು ಕುಡಿಸಿ ನೋಡಪ್ಪ. ಈ ನೀರಿನ ಗುಣಾನೇ ಬ್ಯಾರೆ" ಎಂದುಬಿಟ್ಟೆ.

ಮುಂದಿನ ಸಂತೆಗೆ ಅವನು ದೊಡ್ಡ ಹಿತ್ತಾಳೆ ಕೊಡ ಹೊತ್ತುಕೊಂಡು ನೇರವಾಗಿ ನಮ್ಮ ಬಾವಿಗೆ ಬಂದ. ವಿಷಯ ಕೇಳಿ ಗಿರಿಜೆ ಒಮ್ಮೆ ಅಂಗಡಿಯ ಕಡೆ ನೋಡಿದಳು. ನಗಲಿಲ್ಲ. ಎಲ್ಲಿ ಮಲಗುತ್ತೀಯೆಂದು ಅವನನ್ನು ಕೇಳಿದಳು; ಮಗ್ಗದ ಮನೆಯಲ್ಲೆಂದ. ನೀರು ಸೇದಿ ತುಂಬಿಸುತ್ತ ಹೇಳಿದಳು: "ನೀರು ಇರ್ಲಪ್ಪ. ಮಗ್ಗದ ಮನೇಲಿ ಮಲಗೋದು ಬಿಟ್ಟು ಹೆಂಡ್ತಿ ಹತ್ರ ಇರು. ಆಗ್ಲಿಲ್ಲ ಅಂದ್ರೂ ಅವಳನ್ನ ಬೈಬ್ಯಾಡ."

"ಅದನ್ನ ಸಾವ್ಕಾರ್ರು ಹೇಳ್ಲೇ ಇಲ್ವಲ್ಲ ಅವ್ವಾ" ಎಂದ ಅವನು.

ಸಾವ್ಕಾರ್ರು ಆಗ ಸೀರೆ ಮಡಿಸುವುದರಲ್ಲಿ ಬಹಳ ಮಗ್ನರಾಗಿದ್ದರು.