ಸ್ಟೇಷನ್ ವ್ಯಾಗನ್ನಿಗೆ ನಾನು ಮಾಡಿಸಿದ ಖಂಡೇಪೂಜೆ

ಹಳೆಯ ಗಾಡಿಯೊಂದನ್ನು ಹೊಸದು ಮಾಡುವುದು ನನಗೆ ಎಡಗೈ ಕೆಲಸ ಎಂದು ದೃಢವಾಗಿ ನಂಬಿದ್ದೆ. ಬಾಲಾನಗರದ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವನು ನಾನು. ಅಲ್ಲಿ ಹಾಜರಿ ಬರೆಯುತ್ತಿದ್ದೆ ಎಂಬುದು ಬೇರೆ ಮಾತು!

ಆಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಸುಗ್ಗಿ. ಸನತ್‌ನಗರದ ನಮ್ಮ ಗಲ್ಲಿಗೂ ಹೊಸ ಕಾರುಗಳು ಬರತೊಡಗಿದ್ದವು. ನನ್ನ ಕಣ್ಣು ಬಿದ್ದದ್ದು ಮಾತ್ರ ಗಲ್ಲಿಯ ಮೇಲ್ತುದಿಯಲ್ಲಿ, ಖಾನ್ ಸಾಹೇಬರ ಬೇವಿನ ಮರದ ಕೆಳಗೆ ಮಲಗಿದ್ದ ಹಳೆಯ ಸ್ಟೇಷನ್ ವ್ಯಾಗನ್ ಮೇಲೆ. ಹಿಂದುಗಡೆ ಅರ್ಧ ದಿಬ್ಬಣ ಹಿಡಿಸುವಷ್ಟು ಜಾಗ!

ಹೆಂಡತಿ ಶಾಂತಾಳ ಮುಂದೆ ವಿಷಯ ಮಂಡಿಸಿದೆ.

“ತಂದು ಎಲ್ಲಿ ನಿಲ್ಲಸ್ತೀರಿ?”

“ನಿನ್ನ ರೊಟ್ಟಿ ಒಲಿ ಐತಲ್ಲ, ಆ ತಗಡಿನ ಚಪ್ಪರದಾಗ.”

“ಹಂಗಾರ ಒಲಿ?”

“ಮಾಳಿಗಿ ಮ್ಯಾಲ.”

ಶಾಂತಾ ನನ್ನನ್ನೇ ನೋಡಿದಳು. ಊರು ಬಿಟ್ಟು ಬಂದ ನಮ್ಮ ಕಡೆಯ ಸಾಫ್ಟ್‌ವೇರ್ ಮಂದಿಗೆ ಜೋಳದ ರೊಟ್ಟಿ ಬಡಿದು ಕೊಡಲು ಅವಳು ಮುಂದೆ ನಿಂತು ಕಟ್ಟಿಸಿದ ಚಪ್ಪರ ಅದು.

“ಮೊದಲ ಆ ಮಿಕ್ಸರ್ ಜೋಡಸ್ರಿ. ಯುಗಾದಿಗೆ ಬಿಚ್ಚೀರಿ, ದಸರಾ ಬಂತು.”

ಇದು ಒಪ್ಪಿಗೆಯಲ್ಲ ಎಂದು ನನಗೂ ತಿಳಿಯಿತು. ಆಗಲೇ ಉಪಾಯ ಹೊಳೆದದ್ದು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಅವಳ ಕೈಯಿಂದಲೇ ಗಾಡಿಗೆ ಪೂಜೆ ಮಾಡಿಸಿಬಿಡುವುದು! ತಾನೇ ಕುಂಕುಮ ಹಚ್ಚಿದ ಗಾಡಿಯನ್ನು ಯಾವ ಗೃಹಿಣಿ ಬೇಡ ಎಂದಾಳು?

ಆ ದಿನ ಪೂಜೆಯ ಸಾಮಾನು ಹಿಡಿದು ಬೇವಿನ ಮರದ ಕೆಳಗೆ ಹೋದೆವು. “ಪೈಲೆ ಫೈಸ್ಲಾ ಕರೋ, ಮಿಯಾ,” ಎಂದರು ಖಾನ್ ಸಾಹೇಬರು. ಕೊಳ್ಳುವುದೋ ಬಿಡುವುದೋ ಮೊದಲು ತೀರ್ಮಾನ ಮಾಡಪ್ಪಾ ಎಂದು. ನಾನು ನಕ್ಕು ತೆಂಗಿನಕಾಯಿ ಒಡೆದೆ.

ದೇವರ ಕೆಲಸಕ್ಕೆ ಇಲ್ಲವೆನ್ನಲಾಗದೆ ಶಾಂತಾ ಹೂ ಏರಿಸಿ ಕುಂಕುಮ ಹಚ್ಚಿದಳು. ಮುಂದಿನ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟೆವು. ಅವು ಒಡೆಯಬೇಕಾದರೆ ಗಾಡಿ ಮುಂದೆ ಹೋಗಬೇಕು, ಎಂಜಿನ್ನೋ ಉಸಿರು ಬಿಟ್ಟು ಎಷ್ಟೋ ಕಾಲವಾಗಿತ್ತು. ನಮ್ಮ ಮನೆಯ ಪಕ್ಕ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಯಾದಗಿರಿ ಕಡೆಯ ಮಲ್ಲಮ್ಮನ ತಂಡಕ್ಕೆ ತಳ್ಳಲು ಬರಹೇಳಿದೆ. ಅವರು ಬರುವುದರೊಳಗೆ ಪೂರ್ವಸಿದ್ಧತೆ ಇರಲೆಂದು ಗಾಲಿಗಳ ಹಿಂದಿನ ಕಲ್ಲು ತೆಗೆದು, ಒಳಗೆ ಕುಳಿತು, ಹ್ಯಾಂಡ್‌ಬ್ರೇಕ್ ಇಳಿಸಿದೆ.

ಇಳಿಜಾರು ಹಿಂದಕ್ಕಿತ್ತು!

“ಬ್ರೇಕ್ ಒತ್ತರೀ!” ಶಾಂತಾ ಚೀರಿದಳು. ಒತ್ತಿದೆ. ಪೆಡಲು ನೆಲ ಮುಟ್ಟಿತು, ಗಾಡಿ ಓಡುತ್ತಲೇ ಇತ್ತು. ಹ್ಯಾಂಡ್‌ಬ್ರೇಕ್ ಎಳೆದೆ. ಕೈಗೇ ಬಂತು! ಇಳಿಜಾರಿನ ಕೊನೆಗೆ ನಮ್ಮ ಮನೆ, ಮನೆಯ ಮುಂದೆ ಚಪ್ಪರ, ಚಪ್ಪರದಲ್ಲಿ ಒಲೆ. ಅದನ್ನು ಮಾಳಿಗೆಗೆ ಸಾಗಿಸುವ ತೊಂದರೆಯೇ ತಪ್ಪುವಂತಿತ್ತು.

ಧೊಪ್! ಗಾಡಿ ಉಸುಕಿನ ಗುಡ್ಡೆಯಲ್ಲಿ ಬೆನ್ನು ಹುಗಿದು ನಿಂತಿತು. ಚಪ್ಪರಕ್ಕೆ ಇನ್ನು ಗೇಣುದ್ದ ಉಳಿದಿತ್ತು. ದಾರಿಗೆ ಅಡ್ಡ ಹಾಕಿದ್ದೀರಿ ಎಂದು ಮಲ್ಲಮ್ಮನೊಡನೆ ನಾನು ದಿನಾ ಬೆಳಿಗ್ಗೆ ಜಗಳ ಕಾಯುತ್ತಿದ್ದ ಅದೇ ಉಸುಕು!

ಇಳಿದವನೇ ಗುಡ್ಡೆಗೆ ಕೈಮುಗಿದೆ. ಮಲ್ಲಮ್ಮ ಓಡಿ ಬಂದು ಗಾಬರಿಯಿಂದ ಕೇಳಿದಳು: “ಸಾಹೇಬ್ರ, ಉಸುಕ ಇವತ್ತ ತಗಸ್ಲೇನ್ರಿ?”

“ಬ್ಯಾಡವ್ವಾ ತಾಯಿ, ಇರಲಿ!” ಎಂದೆ. ಆ ಉಸುಕನ್ನು ಅಲ್ಲಿ ಸುರಿದ ಕೈಗಳಿಗೆ ಇಂದಿಗೂ ನಾನು ಋಣಿ.

ಆ ಕೈಗಳೇ ಗಾಡಿಯನ್ನು ಮತ್ತೆ ಬೇವಿನ ಮರದವರೆಗೆ ತಳ್ಳಿದವು. “ಫೈಸ್ಲಾ ಹುವಾ?” ಎಂದರು ಖಾನ್ ಸಾಹೇಬರು. ನಾನು ಹ್ಯಾಂಡ್‌ಬ್ರೇಕನ್ನು ಅವರ ಕೈಗಿಟ್ಟೆ.

ಶಾಂತಾ ಒಂದು ಮಾತೂ ಬೈಯಲಿಲ್ಲ. ಅದೂ ನನ್ನ ಪುಣ್ಯವೇ. ಒಲೆ ಹೊತ್ತಿಸಿ ಎಲ್ಲರಿಗೂ ಬಿಸಿ ರೊಟ್ಟಿ ಹಾಕಿದಳು. ನಿಂಬೆಹಣ್ಣುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅವನ್ನು ಎತ್ತಿ ತಂದು ಶರಬತ್ತು ಮಾಡಿ, ಮೊದಲ ಲೋಟ ನನಗೇ ಕೊಟ್ಟಳು.

“ಕುಡೀರಿ. ಇಷ್ಟಾದ್ರೂ ಗಟ್ಟಿ ಉಳೀತಲ್ಲ.”

ಅಮೃತದಂತಿತ್ತು. ಸಕ್ಕರೆ ಮಾತ್ರ ಸರಿಯಾಗಿ ಕರಗಿರಲಿಲ್ಲ. ನಾನು ಬಿಚ್ಚಿಟ್ಟ ಮಿಕ್ಸರ್ ಇನ್ನೂ ಡಬ್ಬಿಯಲ್ಲಿತ್ತು!