ಶನಿದೇವರ ಎಣ್ಣೆ ಕುಡಿದ ಪಿಕಪ್ಪು

ಪುಕ್ಕಟೆ ಸಿಕ್ಕಿದ್ದನ್ನು ಬೇಡ ಎನ್ನುವವರ ಮೇಲೆ ನನಗೆ ಗೌರವವಿದೆ, ಆದರೆ ಅವರ ಜೊತೆ ಹೆಚ್ಚು ಹೊತ್ತು ಕೂಡಲಾರೆ. ಮದುವೆ ಮನೆಯಲ್ಲಿ ಉಳಿದ ಬಾಳೆ ಎಲೆ, ಫ್ರಿಜ್ಜು ಬಂದ ರಟ್ಟಿನ ಡಬ್ಬಿ, ಔಷಧಿ ಅಂಗಡಿಯ ಕ್ಯಾಲೆಂಡರು, ಯಾವುದನ್ನೂ ನಾನು ಬಿಟ್ಟವನಲ್ಲ. ಒಂದೇ ಗೋಡೆಗೆ ಮೂರು ಕ್ಯಾಲೆಂಡರು ಹಾಕಿದರೆ ಅಮಾವಾಸ್ಯೆ ತಪ್ಪುವುದಿಲ್ಲ ಎಂದು ಹೆಂಡತಿಗೆ ಸಮಜಾಯಿಷಿ ಕೊಟ್ಟಿದ್ದೇನೆ. ಇದರಿಂದ ಅಟ್ಟ ತುಂಬಿತೇ ಹೊರತು ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಪುಕ್ಕಟೆ ಎಣ್ಣೆಯಿಂದ.

ರಾಣೆಬೆನ್ನೂರಿನಲ್ಲಿ ನನ್ನದೊಂದು ಹಳೆಯ ಡೀಸೆಲ್ ಪಿಕಪ್ ಇದೆ. ಸುತ್ತಲಿನ ಹಳ್ಳಿಗಳಿಂದ ಒಣಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಮುಟ್ಟಿಸುವುದು ನನ್ನ ಕಸುಬು. ಈ ಕಸುಬಿನಲ್ಲಿ ಗಾಡಿಗಿಂತ ಗಾಡಿಯ ಹೆಸರು ದೊಡ್ಡದು. ವ್ಯಾಪಾರಿಗಳು ರೇಟು ಬರೆದು ಹಾಕುವ ಟೆಂಡರಿಗೆ ಮುಂಚೆ ಮಾಲು ದಲಾಲಿ ಅಂಗಡಿಯ ಮುಂದೆ ಇಳಿದಿರಬೇಕು. ತಪ್ಪಿದರೆ ಮುಂದಿನ ಮಾರುಕಟ್ಟೆಯ ದಿನದವರೆಗೆ ಚೀಲಗಳು ಅಲ್ಲೇ, ರೈತನ ಜೀವ ಬಾಯಲ್ಲೇ. ಬಸಣ್ಣನ ಗಾಡಿ ಕೈ ಕೊಡುವುದಿಲ್ಲ ಎಂಬ ಮಾತೊಂದು ಹಳ್ಳಿಗಳಲ್ಲಿತ್ತು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಆ ಮಾತಿನ ಮೇಲೆ. ಆ ಮಾತು ಹೋದರೆ ಗಾಡಿ ಇದ್ದೂ ಇಲ್ಲದಂತೆ.

ಇಷ್ಟು ಗೊತ್ತಿದ್ದವನು ಸುಮ್ಮನಿರಬೇಕಿತ್ತು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿಬಿಟ್ಟೆ. ಯಾವುದೋ ದೇಶದ ಗಡ್ಡದ ಮನುಷ್ಯ ಹೋಟೆಲಿನವರು ಕರಿದು ಬಿಟ್ಟ ಎಣ್ಣೆಯನ್ನು ಸೋಸಿ ತನ್ನ ಪಿಕಪ್ಪಿಗೆ ಸುರಿದ, ಗಾಡಿ ಓಡಿತು, ಅವನು ನಕ್ಕ. ಎಣ್ಣೆಯನ್ನು ಹಾಗೇ ಸುರಿಯುವುದು ಬೇರೆ, ಔಷಧ ಬೆರೆಸಿ ಹದ ಮಾಡಿ ಬಯೋಡೀಸೆಲ್ ಮಾಡುವುದು ಬೇರೆ ಎಂದು ಅವನು ನಡುವೆ ಬಹಳ ಹೊತ್ತು ವಿವರಿಸಿದ್ದ. ಆ ಭಾಗವನ್ನು ನಾನು ಬೆರಳಿನಿಂದ ಸರಿಸಿ ಮುಂದೆ ಹೋಗಿದ್ದೆ. ನನ್ನ ಗಾಡಿಯನ್ನು ಮೊದಲಿನಿಂದ ನೋಡುತ್ತ ಬಂದ ಮೆಕ್ಯಾನಿಕ್ ಖಾಜಾಸಾಬರನ್ನು ಕೇಳಿದೆ. ಹೊಸ ಗಾಡಿಗಳ ಹೊಟ್ಟೆ ಸೂಕ್ಷ್ಮ, ಇಂಥ ಹಳೆಯ ಇಂಜಿನ್ನು ಏನನ್ನಾದರೂ ಅರಗಿಸಿಕೊಳ್ಳುತ್ತದೆ, ಚೆನ್ನಾಗಿ ಸೋಸಿ ಡೀಸೆಲ್ ಜೊತೆ ಸ್ವಲ್ಪ ಬೆರೆಸಿ ನೋಡಬಹುದು, ಸ್ವಲ್ಪವೇ, ಎಂದರು. ಸ್ವಲ್ಪ ಎಂಬುದನ್ನು ಅವರು ಎರಡು ಸಲ ಹೇಳಿದರು. ನಾನು ಒಂದು ಸಲ ಕೇಳಿಸಿಕೊಂಡೆ.

ಮೊದಲು ಭಜಿ ಅಂಗಡಿಗಳಿಗೆ ಹೋದೆ. ಆದರೆ ನಮ್ಮ ಕಡೆ ಭಜಿ ಎಣ್ಣೆ ಹಳೆಯದಾಗುವುದೇ ಇಲ್ಲ. ಬಾಣಲೆಯಲ್ಲಿ ತಗ್ಗಿದಷ್ಟನ್ನು ಹೊಸದರಿಂದ ತುಂಬಿ ಮರುದಿನ ಮತ್ತೆ ಮಿರ್ಚಿ ಬಿಡುತ್ತಾರೆ. ಹಳೆಯ ಎಣ್ಣೆ ಇದೆಯೇ ಎಂದು ನಾನು ಕೇಳಿದ್ದಕ್ಕೆ ಬಸ್ ನಿಲ್ದಾಣದ ಭಜಿಯವನು ನನ್ನನ್ನು ತಪಾಸಣೆಗೆ ಬಂದ ಸಾಹೇಬನೆಂದು ತಿಳಿದು, ಗಾಬರಿಯಿಂದ ಒಂದು ಪ್ಲೇಟ್ ಗಿರ್ಮಿಟ್ ಮುಂದಿಟ್ಟ. ಹಣ ಬೇಡ ಎಂದ. ತಿಂದು ಬಂದೆ.

ಆಗ ಹೊಳೆದದ್ದು ನಮ್ಮ ಓಣಿಯಾಚೆಯ ಶನಿದೇವರ ಗುಡಿ. ಶನಿವಾರ ಮಂದಿ ಸಾಲುಗಟ್ಟಿ ನಿಂತು, ತಮಗೆ ಹಿಡಿದ ಕಾಟ ಬಿಟ್ಟುಹೋಗಲಿ ಎಂದು ದೇವರ ಮೇಲೆ ಎಣ್ಣೆ ಸುರಿಯುತ್ತಾರೆ. ಅದು ಕಲ್ಲಿನ ಸಣ್ಣ ಕಾಲುವೆಯಲ್ಲಿ ಹರಿದು ಗುಡಿಯ ಹಿಂದಿನ ಬ್ಯಾರಲ್ಲಿಗೆ ಬೀಳುತ್ತದೆ. ಅದನ್ನು ಮನೆಗೆ ಒಯ್ಯುವ ಧೈರ್ಯ ಯಾರಿಗೂ ಇಲ್ಲ. ಊರವರೆಲ್ಲ ಬಿಟ್ಟ ಕಾಟ ಅದರಲ್ಲೇ ಇದೆಯಲ್ಲ. ಸಾಬೂನು ಮಾಡಲು ಒಯ್ಯುತ್ತಿದ್ದವನು ಬರುವುದನ್ನು ನಿಲ್ಲಿಸಿದ್ದ. ತುಂಬಿದ ಬ್ಯಾರಲ್ಲು ಪೂಜಾರಿ ವೀರಯ್ಯನವರಿಗೆ ದೊಡ್ಡ ತಲೆನೋವಾಗಿತ್ತು. ನಾನು ಡಬ್ಬಿ ಹಿಡಿದು ಹೋದಾಗ ಅವರ ಮುಖ ಅರಳಿತು.

ನನ್ನ ಹೆಂಡತಿ ಗಿರಿಜೆಯ ಮುಖ ಅರಳಲಿಲ್ಲ. “ಮಂದಿ ಕೈ ಮುಗದು ಕಳಿಸಿದ್ದನ್ನ ನೀವು ಡಬ್ಬಿ ಹಿಡದು ಮನಿಗೆ ಕರಕೊಂಡು ಬರ್ತೀರೇನ್ರಿ?” ಎಂದಳು. ಇಂಜಿನ್ನಿಗೆ ಶನಿಯೂ ಇಲ್ಲ ಗುರುವೂ ಇಲ್ಲ, ಸುಡುವುದೊಂದೇ ಗೊತ್ತು ಎಂದು ನಾನು ವೈಜ್ಞಾನಿಕವಾಗಿ ಉತ್ತರಿಸಿದೆ. ಡಬ್ಬಿ ಕಾಂಪೌಂಡಿನ ಹೊರಗೇ ಉಳಿಯಿತು. ಅವಳ ಹಳೆಯ ವಾಯಿಲ್ ಸೀರೆಯೊಂದು ಕಾಣೆಯಾದದ್ದು ಹೇಗೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅದರಲ್ಲಿ ಸೋಸಿದರೆ ಸುಟ್ಟ ಬತ್ತಿ, ಕರಿ ಎಳ್ಳು, ಎಕ್ಕದ ಎಲೆಯ ಚೂರು ಮೇಲೆ ಉಳಿದು ತಿಳಿ ಎಣ್ಣೆ ಕೆಳಗಿಳಿಯುತ್ತಿತ್ತು. ಗಾಡಿ ಚೆನ್ನಾಗಿಯೇ ಓಡಿತು. ಹೊಗೆಗೆ ಆರಿದ ದೀಪದ ವಾಸನೆ ಬಂತು, ಅಷ್ಟೇ. ಖಾಜಾಸಾಬರು ಹೇಳಿದ ಸ್ವಲ್ಪ ವಾರದಿಂದ ವಾರಕ್ಕೆ ಬೆಳೆಯತೊಡಗಿತು.

ಶನಿದೇವರಿಗೆ ಎಳ್ಳೆಣ್ಣೆ ಹಾಕಬೇಕು ಎನ್ನುತ್ತಾರೆ. ಈಗ ಬಹಳ ಮಂದಿ ತರುವುದು ದೀಪದ ಎಣ್ಣೆ ಎಂದು ಬರೆದ ಪೊಟ್ಟಣ; ಒಳಗಿರುವುದು ಹೆಚ್ಚಾಗಿ ತಾಳೆ ಎಣ್ಣೆ. ದೇವರು ಇದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಕ್ಕಿಲ್ಲ. ಆದರೆ ತಾಳೆ ಎಣ್ಣೆ ಚಳಿಗೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ, ಮತ್ತು ಮೆಣಸಿನಕಾಯಿ ಮಾರುಕಟ್ಟೆಗೆ ಬರುವುದು ಚಳಿಗಾಲದಲ್ಲಿ. ಈ ಎರಡು ಸಂಗತಿಗಳೂ ನನಗೆ ಬೇರೆ ಬೇರೆಯಾಗಿ ಗೊತ್ತಿದ್ದವು. ಒಟ್ಟಿಗೆ ಗೊತ್ತಾದದ್ದು ಮೋಟೆಬೆನ್ನೂರಿನ ಹತ್ತಿರ.

ಅಂದು ಐರಣಿ ಕಡೆಯ ನಾಗವ್ವನ ಮೆಣಸಿನಕಾಯಿ ಹೇರಿದ್ದೆ. ಗಂಡನಿಲ್ಲದ ಹೆಣ್ಣುಮಗಳು, ಸ್ವಂತ ನಿಂತು ಬೆಳೆದ ಮಾಲು, ತಾನೇ ಜೊತೆಗೆ ಬಂದು ಮಾರುವುದು ಆಕೆಯ ರೂಢಿ. ಪಕ್ಕದಲ್ಲಿ ಶಾಲು ಹೊದ್ದು ಕುಳಿತು ಈ ವರ್ಷದ ಬಣ್ಣ ಹೇಗೆ ಬಂದಿದೆ ಎಂದು ಹೇಳುತ್ತಿದ್ದಳು. ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಗಾಡಿ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿ ನಿಂತುಬಿಟ್ಟಿತು. ಖಾಜಾಸಾಬರಿಗೆ ಫೋನು ಮಾಡಿದೆ. ಅವರು ಮೋಟಾರ್‌ಸೈಕಲ್ಲಿನಲ್ಲಿ ಬಂದು ಫಿಲ್ಟರ್ ಬಿಚ್ಚಿದರು. ಒಳಗೆ ಎಣ್ಣೆ ಗಟ್ಟಿಯಾಗಿ ಕುಳಿತಿತ್ತು. ಟ್ಯಾಂಕಿಗೆ ಎಷ್ಟು ಹಾಕಿದಿರಿ ಎಂದು ಕೇಳಿದರು; ನಾನು ರಸ್ತೆಯ ಕಡೆ ನೋಡಿದೆ.

ಅಷ್ಟರಲ್ಲಿ ನಾಗವ್ವ ಕೆಳಗಿಳಿದು, ಇದೇನು ಗುಡಿಯ ವಾಸನೆ ಎಂದಳು. ತಿಳಿಸಿ ಹೇಳಿದರೆ ಸಿಟ್ಟು ಇಳಿಯಬಹುದು ಎಂದುಕೊಂಡು ನಾನು ಎಣ್ಣೆ ಎಲ್ಲಿಯದು, ಹೇಗೆ ಸೋಸಿದೆ ಎಂದು ವಿವರವಾಗಿ ಹೇಳಿದೆ. ಆಕೆ ಸಿಟ್ಟಾಗಲಿಲ್ಲ. ಚೀಲಗಳ ಕಡೆ ನೋಡಿ ಮೆಲ್ಲಗೆ, “ಯಪ್ಪಾ, ಹೋದ ಶನಿವಾರ ನಾನೂ ಅಲ್ಲೇ ಎಣ್ಣಿ ಹಾಕೀನಿ. ನಾ ಬಿಟ್ಟು ಬಂದದ್ದನ್ನ ನೀ ತಂದು ನನ್ನ ಮೆಣಸಿನಕಾಯಿಗೇ ಕಟ್ಟಿದಿಯಲ್ಲೋ” ಎಂದಳು.

ನನಗೆ ನಿಜವಾಗಿ ಕೆಟ್ಟದೆನಿಸಿತು. ಅಷ್ಟು ದಿನ ಸೋಸಿದ್ದೆ, ಅಳೆದಿದ್ದೆ, ಉಳಿತಾಯದ ಲೆಕ್ಕ ಹಾಕಿದ್ದೆ. ಆ ಎಣ್ಣೆಯನ್ನು ಯಾರೋ ಏನನ್ನೋ ನೆನೆದು ಕಣ್ಣು ಮುಚ್ಚಿ ಸುರಿದಿದ್ದರು ಎಂಬುದು ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಶನಿ ಇರಲಿ ಬಿಡಲಿ, ಆಕೆಯ ಚಿಂತೆಯಂತೂ ಇತ್ತಲ್ಲ. ಹೊಸ ಫಿಲ್ಟರ್ ಹಾಕಿ, ಟ್ಯಾಂಕು ಬರಿದು ಮಾಡಿ, ಬರೀ ಡೀಸೆಲ್ ತುಂಬಿ ಬ್ಯಾಡಗಿ ಮುಟ್ಟುವಾಗ ಟೆಂಡರ್ ಮುಗಿದಿತ್ತು. ಚೀಲಗಳು ದಲಾಲಿ ಅಂಗಡಿಯಲ್ಲೇ ಉಳಿದವು.

ಸುದ್ದಿ ನನ್ನ ಗಾಡಿಗಿಂತ ಲಗುಬಗೆಯಿಂದ ಹಳ್ಳಿಗಳಿಗೆ ಮುಟ್ಟಿತು. ಬಸಣ್ಣನ ಗಾಡಿ ಶನಿಯ ಎಣ್ಣೆಯ ಮೇಲೆ ಓಡುತ್ತದೆ, ಮಾಲು ಹೇರಿದವರ ಕಥೆ ಮುಗಿಯಿತು ಎಂದು. ಸುಗ್ಗಿಯ ಹೊತ್ತಿನಲ್ಲಿ ನನ್ನ ಫೋನು ಸುಮ್ಮನಾಯಿತು. ಎಲ್ಲರ ಚೀಲಗಳು ಬೇರೆಯವರ ಗಾಡಿಯಲ್ಲಿ ನನ್ನ ಮನೆಯ ಮುಂದೆಯೇ ಹಾದು ಹೋದವು. ಇನ್ನು ಮುಂದೆ ಟ್ಯಾಂಕಿಗೆ ಡೀಸೆಲ್ ಬಿಟ್ಟು ಹನಿ ಎಣ್ಣೆಯೂ ಬೀಳುವುದಿಲ್ಲ ಎಂದು ಗಿರಿಜೆಯೆದುರು ಆಣೆ ಮಾಡಿದೆ.

ಮುಂದಿನ ಮಾರುಕಟ್ಟೆಯ ದಿನ ಬ್ಯಾಡಗಿಯಲ್ಲಿ ರೇಟು ಏರಿತು. ನಾಗವ್ವನ ಮಾಲು ತಡವಾದದ್ದಕ್ಕೇ ಒಳ್ಳೆಯ ರೇಟಿಗೆ ಹೋಯಿತು. ಮರುದಿನ ಆಕೆ ನಮ್ಮ ಬಾಗಿಲಿಗೆ ಬಂದಳು, ಕೈಯಲ್ಲಿ ಒಂದು ಸಣ್ಣ ಎಣ್ಣೆ ಬಾಟಲಿ. “ಗುಡ್ಯಾಗ ಹಾಕಿದ್ದು ಬ್ಯಾರಲ್‌ನ್ಯಾಗ ಹಂಗ ಕುಂತಿರತೈತಿ. ನಿನ್ನ ಗಾಡ್ಯಾಗ ಹಾಕಿದ್ದು ಸುಟ್ಟು ಹೊಗಿ ಆಗಿ ಹೋಗತೈತಿ, ಅದಕ್ಕ ನನಗ ರೇಟು ಬಂತು. ಇದನ್ನೂ ಸುಟ್ಟುಬಿಡು, ಉಳದ ಚೀಲ ನಿನ್ನ ಗಾಡ್ಯಾಗ ಹೇರ್ತೀನಿ” ಎಂದಳು. ಬಾಟಲಿ ಇಸಿದುಕೊಂಡು ಆಗಲಿ ಎಂದೆ. ಆಕೆಯ ಮಾತು ಹಳ್ಳಿಗಳಿಗೆ ಮುಟ್ಟಿ, ವಾರದೊಳಗೆ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಹೇರುವವರೆಲ್ಲ ಚೀಲದ ಜೊತೆ ಒಂದೊಂದು ಬಾಟಲಿ ಕೊಡುತ್ತಿದ್ದರು. ಒಬ್ಬನಿಗೆ ಬೋರು ಬತ್ತುವ ಭಯ, ಒಬ್ಬಳಿಗೆ ಸೊಸೆಯ ಹೆರಿಗೆಯ ಚಿಂತೆ. ಎಲ್ಲರೂ ಅದನ್ನು ನನಗೆ ಹೇಳಿಯೇ ಕೊಟ್ಟರು.

ಟ್ಯಾಂಕಿಗೆ ಹಾಕಿದರೆ ಗಾಡಿ ನಿಂತು ಹೆಸರು ಹೋಗುತ್ತದೆ. ಹಾಕುವುದಿಲ್ಲ ಎಂದರೆ ಬಾಡಿಗೆಯೇ ಹೋಗುತ್ತದೆ. ಬಾಟಲಿಗಳನ್ನು ಸೀಟಿನ ಕೆಳಗೆ ಸೇರಿಸಿ, ಬರೀ ಡೀಸೆಲ್ಲಿನಲ್ಲಿ ಓಡಿಸಿ, ಸುಟ್ಟೆ ಎಂದು ಹೇಳತೊಡಗಿದೆ. ಮೊದಲು ಚೀಲ ಇಳಿಸಿ ಚಹಾ ಕುಡಿದು ಬರುತ್ತಿದ್ದವನು ಈಗ ಟೆಂಡರ್ ಮುಗಿಯುವವರೆಗೂ ದಲಾಲಿ ಅಂಗಡಿಯ ಮುಂದೆ ನಿಲ್ಲುತ್ತೇನೆ. ಯಾರದಾದರೂ ರೇಟು ಇಳಿದರೆ ನಾನು ಸುಡದೆ ಇಟ್ಟದ್ದಕ್ಕೇ ಇಳಿಯಿತೇನೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಸೀಟಿನ ಕೆಳಗೆ ಜಾಗ ಸಾಲದೆ ಬಾಟಲಿಗಳು ಉರುಳಾಡತೊಡಗಿದಾಗ ಗಿರಿಜೆಗೆ ಎಲ್ಲ ಹೇಳಿದೆ. “ಗಾಡಿಗೂ ಹಾಕಂಗಿಲ್ಲ, ಮನಿಗೂ ತರಂಗಿಲ್ಲ. ಕೊಟ್ಟವರ ಹೆಸರು ಹೇಳಿ ಗುಡಿಗೇ ಹಾಕಿ ಬರ್ರಿ” ಎಂದಳು.

ಹೀಗೆ ಮೊನ್ನೆ ಶನಿವಾರ ನಾನೂ ಸಾಲಿನಲ್ಲಿ ನಿಂತೆ, ಎರಡೂ ಕೈಯಲ್ಲಿ ಚೀಲ. ಬಾಟಲಿ ಒಂದೊಂದಾಗಿ ತೆಗೆದು, ಹೆಸರು ಹೇಳಿ ಸುರಿಯತೊಡಗಿದೆ. ವೀರಯ್ಯನವರು ಕನಿಕರದಿಂದ, “ಬಸಣ್ಣಾರ, ಇಷ್ಟೊಂದು ಕಾಟ ಐತೇನ್ರಿ ನಿಮಗ?” ಎಂದರು. ಹೌದೆಂದೆ. ಜಾರಿಕೊಳ್ಳಲು ಆಡಿದ ಮಾತು ಅದು, ಆದರೆ ಆ ಬೋರು, ಆ ಹೆರಿಗೆ, ನಾಗವ್ವನ ಉಳಿದ ಚೀಲಗಳ ರೇಟು, ಎಲ್ಲವೂ ಅಷ್ಟರಲ್ಲಿ ನನ್ನವೇ ಆಗಿಹೋಗಿದ್ದವು. ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ತೆರೆದಾಗ ವೀರಯ್ಯನವರು ನನ್ನ ಹಣೆಗೆ ಅಂಗಾರದ ಬೊಟ್ಟು ಹಚ್ಚಿ ಮೆಲ್ಲನೆ ಹೇಳಿದರು: “ಹಿಂದ ಬ್ಯಾರಲ್ ತುಂಬಿ ಚೆಲ್ಲಾಕತ್ತೈತ್ರಿ. ಹೆಂಗೂ ಗಾಡಿ ತಂದೀರಿ, ಹೋಗುವಾಗ ಒಂದೆರಡು ಡಬ್ಬಿ ಒಯ್ಯರಿ.”