ಸಾಹೇಬರ ಸಿಗಾರು, ಅವ್ವನ ತವೆ

ಈ ಭಾನುವಾರ ಸಿಗಾರು ಸೇದಿಯೇ ತೀರುವುದು, ಪ್ರಾಣ ಹೋದರೂ ಸೈ ಎಂದು ಶಿವಪುತ್ರಪ್ಪ ಪುಣೆಯ ಕಸಬಾ ಪೇಟೆಯ, ಬಾಡಿಗೆ ಮನೆಗಳ ವಾಡೆಯಲ್ಲಿ ಪ್ರತಿಜ್ಞೆ ಮಾಡಿದ. ಬೀಡಿಯ ಹೊಗೆ ಕಂಡರೆ ಮೂರು ಮನೆ ಆಚೆ ನಿಲ್ಲುವ ಗುಮಾಸ್ತನಿಗೆ ಇಂಥ ಭೀಷ್ಮಪ್ರತಿಜ್ಞೆ ಯಾಕೆ ಅಂತೀರಾ? ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ಅವನ ಆಫೀಸಿನ ಹೆಡ್ ಕ್ಲರ್ಕ್ ಕುರ್ಚಿ ಖಾಲಿಯಾಗಿತ್ತು. ಮಧುಕರ ಸಾಹೇಬರು ಆಸೆ ಇದ್ದವರಿಗೆಲ್ಲ ಒಂದೊಂದು ಪರದೇಶದ ಸಿಗಾರು ಕೊಟ್ಟು, ಇದು ಗಟ್ಟಿ ಮಾಲು, ಒಣಗಗೊಡಬೇಡಿ, ರುಚಿ ಹೇಗಿತ್ತೆಂದು ಸೋಮವಾರ ಹೇಳಿ, ತಾಳ್ಮೆ ಇದ್ದವನಷ್ಟೇ ಹೇಳಬಲ್ಲ, ಕುರ್ಚಿಯೂ ಅವನಿಗೇ ಅಂದಿದ್ದರು.

ಒಣಗಬಾರದಲ್ಲ! ಶಿವಪುತ್ರಪ್ಪ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರಿನ ಮಡಕೆಯ ಬುಡಕ್ಕೆ ಕೂಸಿನಂತೆ ಮಲಗಿಸಿದ.

"ಈ ಚುಟ್ಟಾಕ್ಕ ಇಷ್ಟು ಬಾಣಂತನ ಏನ್ರಿ?" ಅಂದಳು ಹೆಂಡತಿ ಗೌರಾಬಾಯಿ.

"ಚುಟ್ಟಾ ಅನ್ನಬ್ಯಾಡ. ನಿನ್ನ ಗಂಡ ಹೆಡ್ ಕ್ಲರ್ಕ್ ಆಗಾಂವ ಇದ್ದಾನ."

ಭಾನುವಾರ ಜಳಕ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಗ್ಯಾಲರಿಯಲ್ಲಿ ಕುರ್ಚಿ ಹಾಕಿದ. ಸಿಗಾರಿನ ತುದಿ ಕತ್ತರಿಸಬೇಕೆಂಬುದು ಆಗ ನೆನಪಾಗಿ, ಅಡಕೊತ್ತು ತರಲು ಪಕ್ಕದ ಈರಣ್ಣನ ಮನೆಗೆ ಹೋದ. ಈರಣ್ಣ ಚಹಾ ಕುಡಿಸದೆ ಬಿಡಲಿಲ್ಲ.

ವಾಪಸು ಬರುವಷ್ಟರಲ್ಲಿ ವಾಡೆಯ ತುಂಬ ಹೊಗೆ. ಕೆಳಗಿನ ಮನೆಯವರು ಕೆಮ್ಮುತ್ತ ಅಂಗಳಕ್ಕೆ ಬಂದಿದ್ದರು. ನಲ್ಲಿಯ ಸರದಿಯಲ್ಲಿದ್ದ ಗೌರಾಬಾಯಿ ಸೀನಿ ಸೀನಿ ಕೊಡವನ್ನೇ ಕೈಬಿಟ್ಟಿದ್ದಳು. ಶಿವಪುತ್ರಪ್ಪ ಅಡುಗೆಮನೆಗೆ ಓಡಿದ. ಒಲೆಯ ಮೇಲೆ ತವೆ, ತವೆಯ ಮೇಲೆ ಕರಿ ಪುಡಿ. ಅವನ ಅವ್ವ ರುದ್ರವ್ವ ಬೆರಳಿನಿಂದ ಹಲ್ಲು ತಿಕ್ಕುತ್ತ ಕಣ್ಣು ಮುಚ್ಚಿ ಕುಳಿತಿದ್ದಳು. ತಂಬಾಕು ಹುರಿದು ಮಶೇರಿ ಮಾಡಿ ಹಲ್ಲಿಗೆ ಹಚ್ಚುವುದು ಅವಳ ಹಳೆಯ ರೂಢಿ.

"ಅವ್ವಾ, ಏನು ಮಾಡಿದಿ?"

"ಮಡಕಿ ಬುಡಕ ತಂಬಾಕದ ಎಲಿ ತೊಯ್ದು ಕೆಡತಿತ್ತಪಾ, ಬಿಚ್ಚಿ ಹುರದೆ. ನನಗಂತ ತಂದು ಬಚ್ಚಿಟ್ಟೀದಿ. ತಾಯಿಗೆ ಕೊಡಾಕ ಎಂಥಾ ನಾಚಿಕಿ?"

ಹೆಡ್ ಕ್ಲರ್ಕ್ ಕುರ್ಚಿ ತವೆಯ ಮೇಲೆ ಕರಕಲಾಗಿತ್ತು. ಆದರೆ ಅವ್ವನ ಮುಖ ನೋಡಿ ಅವನಿಗೆ ಬೈಯಲು ಬಾಯಿ ಬರಲಿಲ್ಲ. ಹಟ ಮಾತ್ರ ಬಿಡಲಿಲ್ಲ. ಅವಳೆದುರು ಚಕ್ಕಳಮಕ್ಕಳ ಹಾಕಿ ಕುಳಿತು, "ರುಚಿ ಹೆಂಗದ, ಹೇಳು" ಅಂದ.

"ತಡಿ. ಇದಕ ಅವಸರ ಮಾಡಬಾರದು." ಬಹಳ ಹೊತ್ತಿನ ಮೇಲೆ ರುದ್ರವ್ವ ಕಣ್ಣು ತೆರೆದಳು. "ಮೊದಲ ಖಾರ. ಆಮ್ಯಾಲೆ ಹುರದ ಶೇಂಗಾದ ಸಿಹಿ. ಕಡೀಕ ಸೀದಾ ನೆತ್ತಿಗೆ ಹೋಗಿ ಕೂಡತದ."

ಸೋಮವಾರ ಉಳಿದ ಗುಮಾಸ್ತರೆಲ್ಲ ಬಹಳ ಚೆನ್ನಾಗಿತ್ತು ಸಾಹೇಬರೇ ಎಂದು ಹಲ್ಲು ಕಿರಿದರು. ಶಿವಪುತ್ರಪ್ಪ ಕಣ್ಣು ಮುಚ್ಚಿ, ಅವ್ವನ ಮಾತನ್ನೇ ಮರಾಠಿಯಲ್ಲಿ ನಿಧಾನವಾಗಿ ಒಪ್ಪಿಸಿದ. ಸಾಹೇಬರು ಎದ್ದು ಬಂದು ಬೆನ್ನು ತಟ್ಟಿದರು, ಕುರ್ಚಿ ನಿನ್ನದೇ ಅಂದರು. ಅಷ್ಟಕ್ಕೇ ಬಿಟ್ಟರೆ? ಬರುವ ಭಾನುವಾರ ಇನ್ನೆರಡು ಸಿಗಾರು ಹಿಡಿದು ನಿನ್ನ ಮನೆಗೇ ಬರುತ್ತೇನೆ, ನೀನು ಹೇಗೆ ಸವಿಯುತ್ತೀಯೋ ಹಾಗೆಯೇ ನಾನೂ ಸವಿಯಬೇಕು ಅಂದರು.

ಹೆಡ್ ಕ್ಲರ್ಕ್ ಶಿವಪುತ್ರಪ್ಪ ಮನೆಗೆ ಬಂದು, ತಲೆಯ ಮೇಲೆ ಕೈ ಹೊತ್ತು ಸುದ್ದಿ ಹೇಳಿದ. ಗೌರಾಬಾಯಿ ಸೆರಗಿನಲ್ಲಿ ನಗು ಅದುಮಿಕೊಂಡು ಅಡುಗೆಮನೆಯ ಕಡೆ ತಿರುಗಿದಳು.

"ಅತ್ತಿ, ಐತವಾರ ಸಾಹೇಬ್ರು ಹಲ್ಲು ತಿಕ್ಕಾಕ ಬರ್ತಾರಂತ. ದೊಡ್ಡ ತವಾ ತಗೀಲ್ಯಾ?"